ಗಾಯದ ಮರ್ಯಾದೆ

"ನಾನೂ ಬರ್ತೀನಿ" ಎಂದು ಹೆಂಡತಿ ಹೇಳಿದಾಗ ಅವನು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಬಗ್ಗಿದ್ದರಿಂದ ಮುಖ ಅವಳಿಗೆ ಕಾಣಲಿಲ್ಲ, ಅಷ್ಟು ಪುಣ್ಯ. ಕಟ್ಟಿದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. ಅವಳು ಹೀಗೆಲ್ಲ ಹೊರಡುವವಳಲ್ಲ. ಅವನ ಒಂದೇ ಒಂದು ಕಾದಂಬರಿ ಹೊಸ ಮುದ್ರಣ ಕಂಡಾಗಲೆಲ್ಲ ನಡೆಯುವ, ಮೈಕು ಕಿರುಚುವ, ಒಣ ಬಿಸ್ಕತ್ತು ಹಂಚುವ ಸಮಾರಂಭಗಳಿಗೆ ಅವಳು ಬಂದದ್ದೇ ಅಪರೂಪ. ಬಂದರೂ ಹಿಂದಿನ ಸಾಲಿನಲ್ಲಿ ಕೂತು, ಮುಗಿದ ಮೇಲೆ ಬಾಗಿಲ ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದಳು. ಜನ ಅವಳನ್ನು ಕಂಡೊಡನೆ ದನಿ ತಗ್ಗಿಸುತ್ತಿದ್ದರು. ಇವರೇನಾ ಹೆಂಡತಿ? ಪಾಪ. ಆ 'ಪಾಪ' ಎಷ್ಟು ಗದ್ದಲದಲ್ಲೂ ಅವನ ಕಿವಿಗೆ ತಪ್ಪುತ್ತಿರಲಿಲ್ಲ. ಬೇರೊಬ್ಬಳನ್ನು ಮರೆಯಲಾರದ ಗಂಡನ ಜೊತೆ ಬಾಳುತ್ತಿರುವವಳು ಎಂದು ಊರೇ ಅವಳ ಮೇಲೆ ಮರುಕಪಡುತ್ತಿತ್ತು. ಆ ಮರುಕದಿಂದ ದೊಡ್ಡವನಾಗುತ್ತಿದ್ದವನು ಮಾತ್ರ ಅವನು.

"ನಿನಗೇನು ಕೆಲಸ ಅಲ್ಲಿ? ಅದು ಪರೀಕ್ಷೆ ಕಣೇ. ಒಬ್ಬಳು ಪಿಎಚ್‌ಡಿ ಹುಡುಗಿ ನಿಂತ್ಕೊಂಡು ಓದ್ತಾಳೆ, ನಾಲ್ಕು ಜನ ಆಕಳಿಸ್ತಾರೆ, ಕೊನೆಗೆ ಎಲ್ಲರಿಗೂ ಊಟ. ಅಷ್ಟೆ."

"ಅವಳೇ ಫೋನ್ ಮಾಡಿ ಕರೆದ್ಲು. ಅಮ್ಮಾ, ನೀವಿಲ್ದಿದ್ರೆ ನನ್ನ ಪ್ರಬಂಧಾನೇ ಆಗ್ತಿರ್ಲಿಲ್ಲ, ಬರ್ಲೇಬೇಕು ಅಂದ್ಲು."

ನೀವಿಲ್ಲದಿದ್ದರೆ. ಆ ಮಾತು ಬೂಟಿನೊಳಗೆ ಸೇರಿದ ಹರಳಿನಂತೆ ಒತ್ತತೊಡಗಿತು. ಪ್ರಬಂಧದ ಹೆಸರು 'ಕಥಾಸಾಹಿತ್ಯದಲ್ಲಿ ಭಗ್ನಪ್ರೇಮ: ಒಂದು ಮನೋವಿಶ್ಲೇಷಣೆ'. ಹೆಸರು ಕೇಳಿದಾಗಲೇ ಅವನಿಗೆ ನಗು ಬಂದಿತ್ತು. ಹೃದಯ ಒಡೆದವರನ್ನೆಲ್ಲ ಮಂಚದ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡುವ ಕೆಲಸ. ಅವನ ಕಾದಂಬರಿಗೆ ಅದರಲ್ಲಿ ಒಂದಿಡೀ ಅಧ್ಯಾಯವಂತೆ. ಹುಡುಗಿ ಹಿಂದಿನ ಬೇಸಿಗೆಯಲ್ಲಿ ಮನೆಗೆ ಬಂದು, ಮೊಬೈಲನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಅವನನ್ನು ಪ್ರಶ್ನೆ ಕೇಳಿದ್ದಳು. ಅವನು ಹೆಚ್ಚಿನದಕ್ಕೆಲ್ಲ ಮೌನದಿಂದ ಉತ್ತರಿಸಿ, ಮೊಬೈಲಿನಲ್ಲಿ ಮೌನ ದಾಖಲಾಗುವುದಿಲ್ಲವಲ್ಲ ಎಂದು ಬೇಸರಪಟ್ಟು, ಊಟವಾದ ಮೇಲೆ ಎಂದಿನಂತೆ ಮಲಗಿದ್ದ. ಎದ್ದು ಬಂದಾಗ ಅಡುಗೆಮನೆಯಲ್ಲಿ ಪಿಸುಮಾತು. ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಅದೇ ಮೊಬೈಲು. ಹೆಂಡತಿ ಪಾತ್ರೆ ಒರೆಸುತ್ತ ಏನನ್ನೋ ಹೇಳುತ್ತಿದ್ದಳು, ಹುಡುಗಿಯ ಕಣ್ಣು ಒದ್ದೆಯಾಗಿತ್ತು. ಇವನನ್ನು ಕಂಡು ಇಬ್ಬರೂ ಸುಮ್ಮನಾದರು. ಏನು ಹೇಳಿದೆ ಎಂದು ಅವನು ಕೇಳಲಿಲ್ಲ. ಕೇಳಿದರೆ ಕುತೂಹಲ ಇದೆ ಎಂದಾಗುತ್ತದೆ. ನೊಂದ ಮನುಷ್ಯನಿಗೆ ಕುತೂಹಲ ಇರಬಾರದು.

ಬಸ್ಸಿನಲ್ಲಿ ಅವಳಿಗೆ ಮುಂದೆ ಸೀಟು ಸಿಕ್ಕಿತು, ಅವನಿಗೆ ಹಿಂದೆ. ಅವಳ ನರೆಗೂದಲಿನ ಹಿಂದಲೆಯನ್ನು ನೋಡುತ್ತ ಕೂತ. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಇಡೀ ಆಯುಷ್ಯ ಕಳೆದವಳು. ಊರಿನವರ ರಕ್ತವನ್ನೆಲ್ಲ ಸಣ್ಣ ಸಣ್ಣ ಸೀಸೆಗಳಲ್ಲಿ ತುಂಬಿ, ಚೀಟಿ ಅಂಟಿಸಿ, ಯಂತ್ರಕ್ಕೆ ಕೊಟ್ಟು, ಅದು ಹೇಳಿದ್ದನ್ನು ಬರೆದು ಕಳಿಸಿದವಳು. ಅವನು ಪಠ್ಯಪುಸ್ತಕ ಇಲಾಖೆಯಲ್ಲಿ ಪಾಠಗಳ ಕೊನೆಗೆ ಪ್ರಶ್ನೆ ಬರೆಯುತ್ತಿದ್ದ. ಈ ಮಾತನ್ನು ಯಾರು ಯಾರಿಗೆ ಹೇಳಿದರು? ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ. ಲಕ್ಷಾಂತರ ಮಕ್ಕಳು ಅವನ ಪ್ರಶ್ನೆಗಳಿಗೆ ತಪ್ಪು ಉತ್ತರ ಬರೆದು ದೊಡ್ಡವರಾಗಿ, ಆಮೇಲೆ ಅವನ ಕಾದಂಬರಿ ಓದಿ ಅತ್ತರು. ಅದರಲ್ಲಿ ಹಸಿರು ಛತ್ರಿಯವಳೊಬ್ಬಳು ನಾಯಕನಿಗೆ ರೈಲು ನಿಲ್ದಾಣಕ್ಕೆ ಬರುತ್ತೇನೆಂದು ಹೇಳಿ ಬರುವುದಿಲ್ಲ. ಬೇರೆ ಯಾರನ್ನೋ ಮದುವೆಯಾಗಿ ಹೋಗುತ್ತಾಳೆ. ನಾಯಕ ಪ್ರತಿ ವರ್ಷ ಅದೇ ಬೆಂಚಿನ ಮೇಲೆ ಹೋಗಿ ಕೂರುತ್ತಾನೆ. ಅಷ್ಟೇ ಕತೆ. ಇದಕ್ಕೆ ಜನ ಎಷ್ಟು ಕಣ್ಣೀರು ಸುರಿಸಿದರೆಂದರೆ ಅವನಿಗೇ ಹೇಸಿಗೆಯಾಗುತ್ತಿತ್ತು. ಒಬ್ಬ ಹಲ್ಲಿನ ಡಾಕ್ಟರು ಇವನ ಬಾಯಿಯೊಳಗೆ ಕನ್ನಡಿ ಇಟ್ಟುಕೊಂಡೇ, "ನಿಮ್ಮ ಪುಸ್ತಕ ಇಲ್ದೇ ಇದ್ದಿದ್ರೆ ನಾನು ಬದುಕ್ತಿರ್ಲಿಲ್ಲ ಸಾರ್" ಎಂದು ಗದ್ಗದಿತನಾಗಿ, ಆಮೇಲೆ ಬೇರೆ ಹಲ್ಲನ್ನು ಕೊರೆದಿದ್ದ. ಓದುಗರೆಂದರೆ ಇಷ್ಟೇ. ತಮ್ಮ ಪಾಡಿಗೆ ತಾವು ಹೊಟ್ಟೆತುಂಬ ಉಂಡು ಮಲಗಿರುವ ಜನ, ತಮಗೂ ಒಮ್ಮೆ ಎದೆ ಒಡೆದಿತ್ತೆಂದು ನಂಬಲು ಯಾರಾದರೂ ಸಹಾಯ ಮಾಡಲಿ ಎಂದು ಕಾಯುತ್ತಿರುತ್ತಾರೆ.

ಹಸಿರು ಛತ್ರಿಯವಳು ಇರಲಿಲ್ಲ. ಅವನ ಬದುಕಿನಲ್ಲಿ ಅಂಥ ಯಾರೂ ಇರಲಿಲ್ಲ. ಯಾವ ಹುಡುಗಿಯೂ ಅವನನ್ನು ತಿರಸ್ಕರಿಸಿರಲಿಲ್ಲ, ಏಕೆಂದರೆ ಅವನು ಯಾರನ್ನೂ ಕೇಳಿರಲಿಲ್ಲ. ಕೇಳುವಷ್ಟು ಯಾರೂ ಬೇಕೆನಿಸಿರಲಿಲ್ಲ. ಮನೆಯವರು ನೋಡಿದ ಹುಡುಗಿಯನ್ನು ಒಪ್ಪಿ ಮದುವೆಯಾದ. ಕಾದಂಬರಿಯನ್ನು ಮದುವೆಗೆ ಮುಂಚೆಯೇ, ಕಚೇರಿಯಲ್ಲಿ, ಪ್ರಶ್ನೆ ಬರೆಯುವ ಕಾಗದದ ಹಿಂಭಾಗದಲ್ಲಿ, ಬೇಜಾರಿಗೆ ಬರೆದಿದ್ದ. ಅಚ್ಚಾಗಿ ಬಂದದ್ದು ಮದುವೆಯಾದ ಹೊಸತರಲ್ಲಿ. ಹೆಂಡತಿ ರಜೆಯ ದಿನ ಮಂಚದ ಮೇಲೆ ಬೋರಲು ಮಲಗಿ ಅದನ್ನು ಒಂದೇ ಉಸಿರಿನಲ್ಲಿ ಓದಿದಳು. ಸಂಜೆ ಚಹಾ ತಂದಾಗ ಅವಳ ಕಣ್ಣು ಊದಿತ್ತು. "ಒಂದು ಕೇಳ್ಲಾ? ಇವ್ಳು... ನಿಜವಾಗ್ಲೂ ಇದ್ಳಾ?" ಇಲ್ಲ ಕಣೇ ಹುಚ್ಚೀ ಎಂದಿದ್ದರೆ ಮುಗಿಯುತ್ತಿತ್ತು. ಅವನು ಕಿಟಕಿಯ ಕಡೆ ತಿರುಗಿದ. ಕಿಟಕಿಯಾಚೆ ಎದುರು ಮನೆಯ ನೀರಿನ ಟ್ಯಾಂಕು, ಟ್ಯಾಂಕಿನ ಮೇಲೊಂದು ಕಾಗೆ. ಅದನ್ನೇ ದೀರ್ಘವಾಗಿ ನೋಡಿದ. ಬೆನ್ನ ಹಿಂದೆ ಅವಳು ಚಹಾದ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ಕಾಲಿನ ಸಪ್ಪಳವನ್ನೂ ನುಂಗಿಕೊಂಡು ಹೊರಗೆ ಹೋದಳು. ತನಗಾಗಿ ಯಾರೋ ಅಷ್ಟು ಮೆತ್ತಗೆ ಲೋಟ ಇಟ್ಟದ್ದು ಅವನ ಜನ್ಮದಲ್ಲೇ ಮೊದಲು. ಸುಳ್ಳು ಹೇಳಲಿಲ್ಲವಲ್ಲ ಎಂದು ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಟ್ಯಾಂಕು ನೋಡಿದೆ, ಅಷ್ಟೇ.

ಆಮೇಲೆ ಅದು ಮನೆಯ ಒಂದು ಪದ್ಧತಿಯೇ ಆಯಿತು. ನೆಂಟರು ಬರುವ ದಿನ, ಮಗಳ ಶಾಲೆಯಲ್ಲಿ ತಂದೆತಾಯಿಯರ ಸಭೆಯ ದಿನ, ಸೊಸೈಟಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕಾದ ದಿನ ಅವನಿಗೆ ಮನಸ್ಸು ಭಾರವಾಗುತ್ತಿತ್ತು. ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಹೆಂಡತಿ ಹೊರಗೆ ಮಗಳ ಬಾಯಿಯ ಮೇಲೆ ಕೈಯಿಟ್ಟು, "ಶ್... ಅಪ್ಪಂಗೆ ಮನಸ್ಸು ಸರಿ ಇಲ್ಲ" ಎನ್ನುತ್ತಿದ್ದಳು. ಒಳಗೆ ಅವನು ಪತ್ತೇದಾರಿ ಕಾದಂಬರಿ ಓದುತ್ತ ಕಡಲೆಕಾಯಿ ತಿನ್ನುತ್ತಿದ್ದ. ಸಿಪ್ಪೆ ಒಡೆಯುವ ಸದ್ದು ಕೇಳದಿರಲೆಂದು ಅದನ್ನು ಬಾಯಲ್ಲೇ ನೆನೆಸಿ ಬಿಡಿಸುವುದನ್ನು ಕಲಿತ. ಮಾವ ಸಾಯುವ ವಾರ ಆಸ್ಪತ್ರೆಗೆ ಬನ್ನಿ ಎಂದು ಕರೆ ಬಂದಾಗಲೂ ಬಾಗಿಲು ಹಾಕಿತ್ತು. ಅವಳು ಒಬ್ಬಳೇ ಹೋದಳು. "ಅವರಿಗೆ ಇಂಥದ್ದೆಲ್ಲ ತಡೆಯೋಕಾಗಲ್ಲ, ಅವರ ಸ್ವಭಾವ ಹಾಗೆ" ಎಂದು ತನ್ನ ಅಣ್ಣಂದಿರ ಮುಂದೆ ಗಂಡನನ್ನು ಕಾಯ್ದುಕೊಂಡಳಂತೆ. ಆ ದಿನ ಅವನಿಗೆ ಒಂದಿಷ್ಟು ನಾಚಿಕೆಯಾಗಿತ್ತು. ಒಂದಿಷ್ಟು ಎನ್ನುವುದೂ ಹೆಚ್ಚೇ. ಮಗಳು ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಛತ್ರಿ ತಂದಳು, ಹಸಿರಿನದು, ಪಾಪ ಅವಳಿಗೇನು ಗೊತ್ತು, ಅಪ್ಪನ ಪುಸ್ತಕ ಓದುವ ದುರಭ್ಯಾಸ ಅವಳಿಗಿರಲಿಲ್ಲ. ಹೆಂಡತಿ ಅಂಗಡಿಗೆ ಹೋಗಿ ಕರಿಯದಕ್ಕೆ ಬದಲಾಯಿಸಿಕೊಂಡು ಬಂದಳು. "ಹಸಿರು ಬೇಗ ಬಣ್ಣ ಬಿಡುತ್ತೆ" ಎಂದಳು. ಪತ್ರಿಕೆಯ ಹಿಂದಿನಿಂದ ಅವನು ಅವಳ ಮುಖ ನೋಡಿದ. ಆ ಬಣ್ಣ ತನಗೆ ಸೇರಿದ್ದಲ್ಲ ಎಂದು ಒಪ್ಪಿಕೊಂಡ ಮುಖ. ಹೇಳಬಹುದಿತ್ತು. ಹೇಳಲಿಲ್ಲ; ಪುಟ ತಿರುಗಿಸಿದ.

ಈಗ ಇವಳು ಆ ಹುಡುಗಿಗೆ ಏನು ಹೇಳಿದ್ದಾಳೋ. ಅಲ್ಲಿ ಎಲ್ಲರ ಮುಂದೆ ಹುಡುಗಿ ಏನು ಕೆದಕುತ್ತಾಳೋ. ಈ ಮನೋವಿಶ್ಲೇಷಣೆಯವರು ಮೂಗು ಚಿಕ್ಕದಿದ್ದರೂ ತೂರಿಸುವುದರಲ್ಲಿ ನಿಸ್ಸೀಮರು. ಹಸಿರು ಛತ್ರಿಯವಳು ಇರಲೇ ಇಲ್ಲ ಎಂದು ಯಾರಾದರೂ ಕಂಡುಹಿಡಿದರೆ ಪ್ರಪಂಚವೇನೂ ಮುಳುಗುವುದಿಲ್ಲ. ಆದರೆ ಮುಂದಿನ ಸೀಟಿನಲ್ಲಿ ಕೂತಿರುವ ಈ ಹಿಂದಲೆಗೆ ಗೊತ್ತಾಗಬಾರದು. ಗೊತ್ತಾದರೆ ಮನೆಯಲ್ಲಿ ಅವನು ಏನಾಗಿ ಉಳಿಯುತ್ತಾನೆ? ಪಿಂಚಣಿ ತೆಗೆದುಕೊಳ್ಳುವ, ಬೆನ್ನು ತುರಿಸಿಕೊಳ್ಳುವ ಒಬ್ಬ ಮುದುಕ.

ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ ಪರದೆಗಳನ್ನು ಎಳೆದಿದ್ದರು, ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳು ಕುಣಿಯುತ್ತಿತ್ತು. ಬಹಿರಂಗ ಮೌಖಿಕ ಪರೀಕ್ಷೆ ಎಂದರೆ ಯಾರು ಬೇಕಾದರೂ ಬಂದು ಕೂತು ಕೇಳಬಹುದು. ಆದ್ದರಿಂದ ಬೇರೆ ಕೆಲಸವಿಲ್ಲದ ವಿದ್ಯಾರ್ಥಿಗಳು, ಊಟವಿದೆ ಎಂದು ತಿಳಿದವರು ಸೇರಿದ್ದರು. ಮಾರ್ಗದರ್ಶಕ ಎನ್ನಿಸಿಕೊಂಡವನು ತನ್ನ ನಗೆಚಾಟಿಕೆಗೆ ತಾನೇ ಮೊದಲು ನಗುವ ಜಾತಿ. ಬೇರೆ ಊರಿನಿಂದ ಬಂದ ಪರೀಕ್ಷಕನೋ, ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವನಿಗೆ ಇವನು ಮನಸ್ಸಿನಲ್ಲೇ ಗಂಟಲು ಎಂದು ಹೆಸರಿಟ್ಟ. ಇವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹೆಂಡತಿ ಹಿಂದೆ ಹೋಗುತ್ತಿದ್ದವಳನ್ನು ಹುಡುಗಿಯೇ ಕೈಹಿಡಿದು ತಂದು ಇವನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. "ಅಮ್ಮಾ, ಇವತ್ತು ನೀವು ಇಲ್ಲೇ." ಅವಳು ಸಂಕೋಚದಿಂದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಒಳ್ಳೆಯ ಸೀರೆ ಉಟ್ಟಿದ್ದಳು. ಮನೆಯಿಂದ ಹೊರಟಾಗ ಅವನು ಅದನ್ನು ಗಮನಿಸಿರಲಿಲ್ಲ.

ಹುಡುಗಿ ಚೆನ್ನಾಗಿಯೇ ಮಾತಾಡಿದಳು, ಅದೇ ಅವನಿಗೆ ಸಿಟ್ಟು ತರಿಸಿತು. ಭಗ್ನಪ್ರೇಮಿ ಬಿಟ್ಟುಹೋದವಳಿಗಾಗಿ ಅಳುವುದಿಲ್ಲ, ಬಿಟ್ಟುಹೋಗಲ್ಪಟ್ಟ ತನ್ನ ಚಿತ್ರಕ್ಕಾಗಿ ಅಳುತ್ತಾನೆ ಎಂದಳು. ಹೋಗಲ್ಪಟ್ಟ! ಪಠ್ಯಪುಸ್ತಕ ಇಲಾಖೆಯಲ್ಲಾಗಿದ್ದರೆ ಕೆಂಪು ಶಾಯಿ ಬೀಳುತ್ತಿತ್ತು. ಕತೆಗಳ ಪ್ರೇಮಿಗಳಿಗೆ ಪ್ರೇಯಸಿ ಬೇಕಿಲ್ಲ, ವಿರಹ ಬೇಕು. ಹತ್ತಿರವಿರುವವರಿಂದ ತಪ್ಪಿಸಿಕೊಳ್ಳಲು ಅವರು ದೂರವಿರುವವಳನ್ನು ಕಾಪಾಡಿಕೊಳ್ಳುತ್ತಾರೆ ಎಂದಳು. ಅವನ ಕಾದಂಬರಿಯ ನಾಯಕನ ತಾಯಿ ಬರುವುದು ಒಂದೇ ಒಂದು ಪುಟದಲ್ಲಿ, ಗೋಡೆಗೆ ಮುಖಮಾಡಿ ಮಲಗಿದ್ದಾಳೆ. ಹಸಿರು ಛತ್ರಿಯವಳೂ ಬಹಳ ಸಲ ಬೆನ್ನು ತೋರಿಸಿ ನಿಂತಿರುತ್ತಾಳೆ. ಆದ್ದರಿಂದ ನಾಯಕ ಹುಡುಕುತ್ತಿರುವುದು ತನ್ನ ಕಡೆ ತಿರುಗದ ತಾಯಿಯನ್ನು ಎಂದು ಪರದೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದಳು. ವಿದ್ಯಾರ್ಥಿಗಳು ಬರೆದುಕೊಂಡರು. ಎಲ್ಲರಿಗೂ ತಾಯಿ ಬೇಕು ಎಂದು ಅವನು ಒಳಗೇ ಉಗಿದ. ಇವರಿಗೆ ಏನು ಕಂಡರೂ ತಾಯಿ. ಕಂಬ ಕಂಡರೂ ತಾಯಿ.

ಆದರೂ ಆ ಗೋಡೆ ಅವನಿಗೆ ಕಂಡಿತು. ಸುಣ್ಣ ಉದುರಿದ ಜಾಗದಲ್ಲಿ ಆನೆಯ ಆಕಾರ. ಅಮ್ಮನಿಗೆ ತಲೆನೋವು. ಹಣೆಗೆ ಒದ್ದೆಬಟ್ಟೆ ಕಟ್ಟಿಕೊಂಡು ಅಮ್ಮ ಮಲಗಿದರೆ ಅಪ್ಪ ತುದಿಗಾಲಲ್ಲಿ ನಡೆಯುತ್ತಿದ್ದರು, ಸೋದರತ್ತೆ ಬೈಗುಳವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದಳು, ಪಾತ್ರೆಗಳು ಬಟ್ಟೆಯ ಮೇಲೆ ಇಳಿಯುತ್ತಿದ್ದವು. ಯಾರಿಗೂ ಕಾಣದ ನೋವು. ಜ್ವರದಂತೆ ಮುಟ್ಟಿ ನೋಡುವ ಹಾಗಿಲ್ಲ, ಗಾಯದಂತೆ ಬಿಚ್ಚಿ ತೋರಿಸು ಎನ್ನುವ ಹಾಗಿಲ್ಲ. ಒಮ್ಮೆ ಮಧ್ಯಾಹ್ನ ಅವನು ಬಾಗಿಲ ಸಂದಿಯಿಂದ ನೋಡಿದಾಗ ಅಮ್ಮ ಒದ್ದೆಬಟ್ಟೆಯನ್ನು ಪಕ್ಕಕ್ಕಿಟ್ಟು, ಗೋಡೆಯ ಆನೆಯನ್ನು ಬೆರಳಿನಿಂದ ತಿದ್ದುತ್ತ, ನೆಮ್ಮದಿಯಾಗಿ ಗುನುಗುತ್ತಿದ್ದಳು. ಹುಡುಗಿಯ ಬಾಣದ ಗುರುತು ದೊಡ್ಡ ದುಃಖದ ಕಡೆ ಹೋಗುತ್ತಿತ್ತು. ಎಷ್ಟು ಉದಾರ ಮನಸ್ಸು! ಅವನು ತಾಯಿಯನ್ನು ಹುಡುಕಲಿಲ್ಲ. ತಾಯಿಯ ಕಸುಬನ್ನು ಕಲಿತ. ನೋವಿಗೆ ಒಂದು ಬಾಗಿಲು ಸಿಗುತ್ತದೆ, ಒಳಗಿನಿಂದ ಹಾಕಿಕೊಳ್ಳಬಹುದು ಎಂದು ಅವನಿಗೆ ಆ ಸಂದಿಯಲ್ಲಿ ತಿಳಿಯಿತು. ಇಷ್ಟು ಸಣ್ಣ ವಿಷಯಕ್ಕೆ ಯಾರೂ ಪಿಎಚ್‌ಡಿ ಕೊಡುವುದಿಲ್ಲ. ಹುಡುಗಿಗೆ ತನ್ನ ಕ್ಷುದ್ರತೆಯ ಅಂದಾಜು ಕೂಡ ಸಿಕ್ಕಿಲ್ಲ ಎಂದು ಅವನಿಗೆ ಸಮಾಧಾನವಾಯಿತು, ಜೊತೆಗೆ ಅವಳ ಮೇಲೆ ತಿರಸ್ಕಾರವೂ.

"ಈ ಕಾದಂಬರಿ ಲೇಖಕರ ಸ್ವಂತ ಅನುಭವವನ್ನು ಆಧರಿಸಿದೆ" ಎಂದು ಹುಡುಗಿ ಹೇಳಿದಾಗ ಅವನು ಕುರ್ಚಿಯ ಅಂಚನ್ನು ಹಿಡಿದುಕೊಂಡ. "ಇದನ್ನು ಅವರ ಪತ್ನಿಯವರೇ ನನಗೆ ಹೇಳಿದ್ದಾರೆ. ಮದುವೆಗೆ ಮುಂಚಿನ ಆ ಸಂಬಂಧ ಅವರ ಬದುಕನ್ನೇ ಹೇಗೆ ಆವರಿಸಿತ್ತು, ಅದಕ್ಕೆ ತಾವು ಹೇಗೆ ಜಾಗ ಬಿಟ್ಟುಕೊಟ್ಟರು ಅನ್ನೋದನ್ನ ಯಾವ ಕಹಿಯೂ ಇಲ್ಲದೆ ಹೇಳಿದರು. ಅವರಿಗೆ ನಾನು ಋಣಿ." ಜನ ತಿರುಗಿ ನೋಡಿದರು. ಹೆಂಡತಿ ಚೀಲದ ಹಿಡಿಯನ್ನು ನೋಡುತ್ತಿದ್ದಳು. ಇಷ್ಟೇನಾ ಎಂದು ಅವನು ಉಸಿರುಬಿಟ್ಟ. ಎಲ್ಲ ಇದ್ದಲ್ಲೇ ಇದೆ. ಅವಳು ನಂಬಿದ್ದಾಳೆ, ನಂಬಿದ್ದನ್ನೇ ಹೇಳಿದ್ದಾಳೆ, ಈಗ ಅದು ವಿಶ್ವವಿದ್ಯಾಲಯದ ಮುದ್ರೆ ಬಿದ್ದ ಸತ್ಯವೂ ಆಗುತ್ತದೆ. ಅವನು ಮುಖವನ್ನು ತುಸು ಬಾಗಿಸಿ, ನೋವನ್ನು ಕೆದಕಿದಿರಲ್ಲ ಎಂಬ ಭಾವವನ್ನು ತಂದುಕೊಂಡ. ಅಲ್ಲಿಗೇ ಎದ್ದು ಊಟಕ್ಕೆ ಹೋಗಿದ್ದರೆ ಆಗುತ್ತಿತ್ತು.

ಗಂಟಲು ಸರಿಯಾಯಿತು. "ಹಾಗಾದ್ರೆ ಒಂದು ಪ್ರಶ್ನೆ" ಎಂದ ಪರೀಕ್ಷಕ. "ಇದನ್ನ ನೀವು ಕಾದಂಬರಿ ಅಂತ ಯಾಕಮ್ಮ ಕರೀತೀರಿ? ಅವರಿಗೆ ಹಾಗಾಯ್ತು, ಅವರು ಬರೆದಿಟ್ಟರು. ಅದು ವರದಿ. ಕಲ್ಪನೆ ಅನ್ನೋದು ಎಲ್ಲಿದೆ ಇದರಲ್ಲಿ? ಸಾರ್ ಇಲ್ಲೇ ಇದ್ದಾರೆ, ತಪ್ಪು ತಿಳ್ಕೋಬಾರ್ದು. ಆದ್ರೆ ನೋಡಿ, ಅವರು ಎರಡನೇ ಪುಸ್ತಕ ಬರೀಲೇ ಇಲ್ಲ. ಯಾಕೆ? ಇನ್ನೊಂದ್ಸಲ ಯಾರೂ ಕೈಕೊಡಲಿಲ್ಲ, ಅದಕ್ಕೆ!" ಮಾರ್ಗದರ್ಶಕ ಎಲ್ಲರಿಗಿಂತ ಮುಂಚೆ ನಕ್ಕ. ಆಮೇಲೆ ಕೋಣೆಯೆಲ್ಲ ನಕ್ಕಿತು. ಹುಡುಗಿ ಕೂಡ ನಗು ಬಂದು ತುಟಿ ಕಚ್ಚಿಕೊಂಡಳು. "ಅನುಭವ ಇದ್ದೋರೆಲ್ಲ ಒಂದೊಂದು ಪುಸ್ತಕ ಬರೀಬಹುದು" ಎಂದು ಪರೀಕ್ಷಕ ಮುಂದುವರಿಸಿದ. "ನಮ್ಮನೆ ಡ್ರೈವರೂ ಬರೀಬಹುದು. ಕಲಾವಿದ ಅನ್ನಿಸ್ಕೊಳ್ಳೋನು ಇಲ್ಲದ್ದನ್ನ ಹುಟ್ಟಿಸ್ಬೇಕು."

ಆ ನಗು ಅವನ ಕುತ್ತಿಗೆಯ ಹಿಂಭಾಗಕ್ಕೆ ಬಂದು ಬಡಿಯಿತು. ಇಲ್ಲದ್ದನ್ನು ಹುಟ್ಟಿಸಬೇಕಂತೆ. ಈ ಗಂಟಲಿಗೆ ಏನು ಗೊತ್ತು? ಹಲ್ಲಿನ ಡಾಕ್ಟರಿನಿಂದ ಹಿಡಿದು ಪಕ್ಕದಲ್ಲಿ ಕೂತ ಹೆಂಡತಿಯವರೆಗೆ ಒಂದು ಊರನ್ನೇ ಇಲ್ಲದವಳಿಗಾಗಿ ಅಳಿಸಿದವನು ತಾನು. ಬರಿಗೈಯಿಂದ ಒಬ್ಬ ಹೆಂಗಸನ್ನು ಮಾಡಿ ನಿಲ್ದಾಣದಲ್ಲಿ ನಿಲ್ಲಿಸಿದವನು, ಅವಳಿಲ್ಲ ಎಂದು ಇದುವರೆಗೆ ಒಬ್ಬನಿಗೂ ಅನುಮಾನ ಬಂದಿಲ್ಲ. ಅದನ್ನು ಹೊಗಳಬೇಕಾದ ಜನ ಅವನನ್ನು ಮನೆಯ ಡ್ರೈವರಿನ ಪಕ್ಕ ಕೂರಿಸಿ ಹಲ್ಲು ಕಿರಿಯುತ್ತಿದ್ದಾರೆ. ಅವನು ಎದ್ದದ್ದು ಅವನಿಗೇ ತಿಳಿಯಲಿಲ್ಲ. ಯಾರೋ ಮೈಕು ಕೈಗಿತ್ತರು.

"ಒಂದು ನಿಮಿಷ" ಎಂದ. "ಕಲ್ಪನೆ ಎಲ್ಲಿದೆ ಅಂದ್ರಲ್ಲ ಸ್ವಾಮಿ, ಹೇಳ್ತೀನಿ ಕೇಳಿ. ಹಸಿರು ಛತ್ರಿ ನಮ್ಮ ಕಚೇರಿ ಎದುರಿನ ಅಂಗಡಿ ಬೋರ್ಡಿನ ಮೇಲಿತ್ತು. ಅವಳ ನಡಿಗೆ ಇದೆಯಲ್ಲ, ಒಂದು ಕಾಲನ್ನ ಸ್ವಲ್ಪ ತಡೆದು ಇಡ್ತಾಳೆ, ಅದು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ ಒಬ್ಬ ಗಂಡಸಿನ ನಡಿಗೆ. 'ಬೆಳಕಿರೋವಾಗಲೇ ಬಾ' ಅಂತ ಅವಳು ಕೊನೇಲಿ ಹೇಳೋ ಮಾತಿಗೆ ನೀವೆಲ್ಲ ಅತ್ತಿರಲ್ಲ, ಅದು ಮೂರನೇ ಕ್ಲಾಸಿನ ಪಾಠದಲ್ಲಿ ಹಸು ಕಾಯೋನಿಗೆ ಅವನಮ್ಮ ಹೇಳೋ ಮಾತು. ರೈಲು ನಿಲ್ದಾಣಕ್ಕೆ ನಾನು ಯಾರನ್ನ ಕಾಯೋಕೂ ಹೋದವನಲ್ಲ. ಅವಳು ಇರ್ಲೇ ಇಲ್ಲ! ಆ ಥರದವಳು ನನ್ನ ಬದುಕಿನಲ್ಲಿ ಯಾವತ್ತೂ, ಯಾವ ಕಾಲಕ್ಕೂ ಇರ್ಲಿಲ್ಲ. ಅದು ಕಲ್ಪನೆ. ಅದಕ್ಕೆ ಕಲೆ ಅಂತಾರೆ." ಅವನ ದನಿಗೆ ಹುರುಪು ಬಂದಿತ್ತು, ಕಾಲಿಗೆ ಯೌವನ ಬಂದಿತ್ತು. ಇನ್ನೇನಾದರೂ ಬೇಕು, ಕೊನೆಗೊಂದು ಮೆರುಗು ಬೇಕು ಎನ್ನಿಸಿತು. ಪಕ್ಕಕ್ಕೆ ಕೈ ತೋರಿಸಿ, "ಅವಳ ಆ ಕೈಗಳನ್ನ ಮಾತ್ರ ನಾನು ಕದ್ದೆ. ಅದು ಇವರದು, ನಮ್ಮ ಮನೆಯವರದು" ಎಂದ. ಅದು ಆ ಕ್ಷಣಕ್ಕೆ ಹೊಳೆದದ್ದು; ಪುಸ್ತಕ ಬರೆಯುವಾಗ ಇವಳನ್ನು ಕಂಡೇ ಇರಲಿಲ್ಲ ಎಂಬುದು ಅವನಿಗೆ ಆಗ ನೆನಪಾಗಲಿಲ್ಲ.

ಚಪ್ಪಾಳೆ ಬಿತ್ತು. ಗಂಟಲು ಎದ್ದು ನಿಂತು ಕೈ ಮುಗಿದು, "ಸೋತೆ ಸಾರ್" ಎಂದಿತು. ವಿದ್ಯಾರ್ಥಿಗಳು ಮೊಬೈಲು ಎತ್ತಿ ಹಿಡಿದಿದ್ದರು. ಇಡೀ ಬದುಕಿನಲ್ಲಿ ಅವನಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಬಂದಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ, ನಗುತ್ತ, ಕುರ್ಚಿಗೆ ಕುಸಿದ. ಆಮೇಲೆ ಪಕ್ಕಕ್ಕೆ ನೋಡಿದ. ಹೆಂಡತಿಯೂ ಚಪ್ಪಾಳೆ ತಟ್ಟುತ್ತಿದ್ದಳು. ಎಲ್ಲರೂ ನಿಲ್ಲಿಸಿದ ಮೇಲೂ ಒಂದೆರಡು ಸಲ ತಟ್ಟಿದಳು, ನಿಲ್ಲಿಸಿ, ಕೈಗಳನ್ನು ಚೀಲದ ಕೆಳಗೆ ಇಟ್ಟುಕೊಂಡಳು. ಆಗ ಅವನಿಗೆ ತಾನು ಹೇಳಿದ್ದು ಕೇಳಿಸಿತು.

ಊಟದಲ್ಲಿ ಎಲ್ಲರೂ ಅವನನ್ನು ಮುತ್ತಿಕೊಂಡರು. ಹಸು ಕಾಯುವವನ ಮಾತನ್ನು ಮತ್ತೆ ಮತ್ತೆ ಹೇಳಿಸಿ ನಕ್ಕರು. ತಟ್ಟೆ ಹಿಡಿದು ಅವನು ಎಲ್ಲರ ತಲೆಗಳ ಮೇಲಿನಿಂದ ಹೆಂಡತಿಯನ್ನು ಹುಡುಕುತ್ತಿದ್ದ. ಅವಳು ಕಿಟಕಿಯ ಹತ್ತಿರ ನಿಂತು, ಎಂದಿನ ಹಾಗೆ ಅಚ್ಚುಕಟ್ಟಾಗಿ, ಏನನ್ನೂ ಬಿಡದೆ ಉಣ್ಣುತ್ತಿದ್ದಳು. ಅಳುತ್ತಿದ್ದರೆ ಒಳ್ಳೆಯದಿತ್ತು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಅವಳ ಬಳಿ ಬಂದಳು.

"ಅಮ್ಮಾ, ಪ್ರಬಂಧದಲ್ಲಿ ನಿಮ್ಮ ಮಾತು ಹಾಕಿದ್ದೀನಲ್ಲ... ಈಗ ಏನ್ಮಾಡ್ಲಿ?"

"ತ್ಯಾಜ್ಯ ಅಂತ ಬರೆದು ತೆಗೆದುಬಿಡಮ್ಮ" ಎಂದಳು ಹೆಂಡತಿ. "ನಮ್ಮ ಲ್ಯಾಬಿನಲ್ಲೂ ಹೀಗೆ ಆಗ್ತಿತ್ತು. ಖಾಲಿ ಸೀಸೆಗೆ ಚೀಟಿ ಅಂಟಿಸಿ ಕಳಿಸಿರ್ತಾರೆ, ನಾವು ಅದರಲ್ಲಿ ಏನೋ ಇದೆ ಅಂತ ಜೋಪಾನವಾಗಿ ಇಟ್ಕೊಂಡಿರ್ತೀವಿ." ಹುಡುಗಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ನೀನು ಚೆನ್ನಾಗಿ ಮಾತಾಡ್ದೆ. ಸಿಹಿ ತಗೊಂಡ್ಯಾ?" ಎಂದು ಅವಳ ಬೆನ್ನು ಸವರಿ ಹೆಂಡತಿ ಕೈತೊಳೆಯಲು ಹೋದಳು.

ಹಿಂದಿರುಗುವ ಬಸ್ಸು ಖಾಲಿಯಿತ್ತು. ಬೇಕೆಂದೇ ಬೇರೆ ಸೀಟಿಗೆ ಹೋಗುತ್ತಾಳೆ ಎಂದುಕೊಂಡಿದ್ದ. ಅವಳು ಪಕ್ಕದಲ್ಲೇ ಕೂತಳು. ಸಂಜೆಯ ಬಿಸಿಲು ಅವಳ ಮಡಿಲಿನ ಮೇಲೆ ಬಿದ್ದಿತ್ತು. ಏನಾದರೂ ಅನ್ನಲಿ ಎಂದು ಕಾದ. ಎಷ್ಟೋ ನಿಲ್ದಾಣಗಳು ಕಳೆದವು. ಬಾಗಿಲು ಹಾಕಿಕೊಳ್ಳಲು ಬಸ್ಸಿನಲ್ಲಿ ಕೋಣೆಯಿಲ್ಲ, ನೋಡಲು ಟ್ಯಾಂಕೂ ಇಲ್ಲ.

"ಕೈ ನನ್ನದು ಅಂದ್ರಿ" ಎಂದಳು ಕೊನೆಗೆ.

"ಹೌದು ಕಣೇ. ಅದನ್ನ ಯಾವತ್ತಾದ್ರೂ ಹೇಳ್ಬೇಕು ಅಂತಲೇ..."

"ಪುಸ್ತಕದಲ್ಲಿ ಇರೋಳ ಬೆರಳು ಉದ್ದ. ನನಗೆ ಬಾಯಿಪಾಠ ಇದೆ ಅದು." ಅವಳು ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದಳು. ಮೊಂಡು ಬೆರಳುಗಳು, ಬುಡಕ್ಕೆ ಕತ್ತರಿಸಿದ ಉಗುರು, ಆಸ್ಪತ್ರೆಯ ಸ್ಪಿರಿಟ್ಟು ತಿಂದ ಚರ್ಮ. "ಒಂದು ದಿನ ನೋಡಿದ್ದಿದ್ರೂ ಆ ಸುಳ್ಳು ಹೇಳೋಕೆ ನಿಮಗೆ ನಾಚಿಕೆ ಆಗ್ತಿತ್ತು."

ಅವನಿಗೆ ಗಾಬರಿಯಾಯಿತು. ಎಲ್ಲವನ್ನೂ ಇದ್ದ ಜಾಗದಲ್ಲಿ ಮತ್ತೆ ಇಟ್ಟುಬಿಡಬೇಕು ಎನ್ನಿಸಿತು, ಈಗಲೇ, ಮನೆ ಬರುವುದರೊಳಗೆ. "ಇದ್ಳು" ಎಂದ, ದನಿ ತಗ್ಗಿಸಿ, ಹಳೆಯ ದನಿಯಲ್ಲಿ. "ಆ ಜನರ ಮುಂದೆ ಹಾಗೆ ಹೇಳ್ಬೇಕಾಯ್ತು. ಇದ್ಳು ಕಣೇ. ನಿಜವಾಗ್ಲೂ ಇದ್ಳು."

"ಹೆಸರೇನು?"

ಅವನು ಒಂದು ಹೆಸರು ಹೇಳಿದ. ತಡವರಿಸದೆ ಹೇಳಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಈ ಬಾರಿ ಅವನಿಗೆ ತಿರುಗಿಕೊಳ್ಳಲು ಹೊಳೆಯಲಿಲ್ಲ. ಅವಳಿಗೆ ನಗು ಬಂತು. ದೊಡ್ಡ ನಗು, ಮುಂದಿನ ಸೀಟಿನವನು ತಿರುಗಿ ನೋಡುವಂಥದು. "ಚೆನ್ನಾಗಿದೆ ಹೆಸರು. ಈಗ ಹುಟ್ಟಿಸಿದ್ರಿ. ಕಣ್ಣೆದುರಿಗೇ ಹೆರಿಗೆ ಆಯ್ತು." ನಗು ತಾನಾಗಿ ಇಳಿಯಿತು.

"ನಾನು ಅವಳನ್ನ ಕಂಡ್ರೆ ಹೊಟ್ಟೆ ಉರ್ಕೊಳ್ತಿದ್ದೆ ಅಂದ್ಕೊಂಡಿದ್ರಾ?" ಎಂದಳು. "ಮೊದಮೊದಲು ಉರಿ ಇತ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಹೋಯ್ತು. ನಮ್ಮಪ್ಪ ಸಾಯೋವಾಗ ನೀವು ಬರ್ಲಿಲ್ಲ. ಆಗ ಅಂದ್ಕೊಂಡೆ, ಒಂದ್ಸಲ ಅಷ್ಟು ನೋವು ತಿಂದೋನು, ಇನ್ನೊಂದು ಹೇಗೆ ನೋಡ್ತಾನೆ ಅಂತ. ಆಸ್ಪತ್ರೇಲಿ ನನ್ನ ಜೊತೆ ಕೆಲಸ ಮಾಡೋರ ಗಂಡಂದಿರನ್ನ ನೋಡ್ತಿದ್ದೆ. ಎಲ್ಲರೂ ಒಳ್ಳೆಯೋರೇ, ಸಂತೆಗೆ ಬರ್ತಿದ್ರು, ಚೀಲ ಹೊರ್ತಿದ್ರು. ಆದ್ರೆ ಒಬ್ಬಳಿಗೋಸ್ಕರ ಜೀವಮಾನ ಪೂರ್ತಿ ಬೆಂಚಿನ ಮೇಲೆ ಕೂರೋ ಗಂಡಸು ಅವರಲ್ಲಿ ಯಾರಿದ್ರು? ನಮ್ಮನೇಲಿ ಇದ್ದಾನೆ ಅಂದ್ಕೊಳ್ತಿದ್ದೆ. ನನ್ನನ್ನ ಪ್ರೀತಿಸ್ದೇ ಇದ್ರೂ ಪರವಾಗಿಲ್ಲ, ಪ್ರೀತಿ ಅಂದ್ರೆ ಏನಂತ ಗೊತ್ತಿರೋನು ಅಂತ. ಅವನ ಬಾಗಿಲಾಚೆ ಕೂತು, ಅವನಿಗೆ ಸದ್ದಾಗದ ಹಾಗೆ ಪಾತ್ರೆ ತೊಳ್ದೆ. ನನಗೆ ಬೇಜಾರಾಗ್ಲಿಲ್ಲ. ನಾನು ಪ್ರೀತಿಸಿದ್ದು ಅವನನ್ನ."

ಬಸ್ಸು ತಿರುವು ತೆಗೆದುಕೊಂಡಿತು. ಅವಳು ಕಂಬಿ ಹಿಡಿದುಕೊಂಡು, ಆಗಷ್ಟೇ ಲೆಕ್ಕ ತಿಳಿದವಳಂತೆ ನಿಧಾನವಾಗಿ ಹೇಳಿದಳು: "ಹಾಗಾದ್ರೆ ಅವನೂ ಇರ್ಲಿಲ್ಲ."

ಯಾರು ಎಂದು ಕೇಳಲು ಅವನು ತಿರುಗಿದ. ಅವಳು ಅಳುತ್ತಿದ್ದಳು. ಸದ್ದನ್ನು ನುಂಗಿಕೊಳ್ಳದೆ, ಮೂಗು ಸುರಿಸಿಕೊಂಡು, ಭುಜ ಕುಲುಕಿಸಿಕೊಂಡು, ಬಸ್ಸು ಎಂಬ ಪರಿವೆಯಿಲ್ಲದೆ. ಹೀಗೆ ಅಳುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನ ಪುಸ್ತಕದಲ್ಲಿ ಯಾರ ಮೂಗೂ ಸುರಿಯುತ್ತಿರಲಿಲ್ಲ. ಅವಳು ಅಳುತ್ತಿರುವುದು ಇವನಿಗಾಗಿ ಅಲ್ಲ, ಇವನ ಮೇಲಿನ ಸಿಟ್ಟಿಗೂ ಅಲ್ಲ, ಆ ಇಲ್ಲದವನಿಗಾಗಿ ಎಂಬುದು ಅರ್ಥವಾದಾಗ ಅವನಿಗೆ, ಆ ವಯಸ್ಸಿನಲ್ಲಿ, ಮೈಯೆಲ್ಲ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಯಾವನವನು? ಬೆಂಚಿನ ಮೇಲೆ ಕೂತ ಆ ಮುಠ್ಠಾಳ, ಅವನಲ್ಲಿ ಏನಿತ್ತು? ನಾನು ಇಲ್ಲೇ ಇದ್ದೀನಲ್ಲೇ ಎಂದು ಕೂಗಬೇಕೆನಿಸಿತು. ಕೂಗಿದರೆ ತಿರುಗಿ ನೋಡಿ, ಹೌದು, ನೀವಿದ್ದೀರಿ ಎನ್ನುತ್ತಿದ್ದಳು, ಅಷ್ಟೇ.

ಜೇಬಿನಿಂದ ಕರ್ಚೀಫು ತೆಗೆದು ಅವಳ ಕಡೆ ಚಾಚಿದ. ಅವಳು ತೆಗೆದುಕೊಂಡಳು. ಕಣ್ಣು ಒರೆಸಿ, ಮೂಗು ಒರೆಸಿ, ನಾಲ್ಕು ಮಡಿಕೆ ಮಾಡಿ ಹಿಂದಕ್ಕೆ ಕೊಟ್ಟಳು.

"ಥ್ಯಾಂಕ್ಸ್" ಎಂದಳು.

ಇಷ್ಟು ವರ್ಷಗಳಲ್ಲಿ ಅವಳು ಅವನಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳುವ ಹಾಗೆ, ಒಳ್ಳೆಯ ಮಾತಿನಲ್ಲಿ ಹೇಳಿದಳು.